ಮುಚ್ಚಿದ ಲಕೋಟೆ ಮತ್ತು ಬ್ರಾಡ್‌ಫರ್ಡ್ ಹಿಲ್: ಯಾದೃಚ್ಛಿಕ ಹಂಚಿಕೆಯ ಕಾರಣ ಕುರಿತು

ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ (1897–1991) ಅವರ ವೃತ್ತಿಜೀವನದ ಸ್ಥೂಲ ರೇಖೆಗಳ ಬಗ್ಗೆ ತಕರಾರಿಲ್ಲ. ಮೊದಲ ಮಹಾಯುದ್ಧದಲ್ಲಿ ಕ್ಷಯ ತಗುಲಿ ವೈದ್ಯರಾಗುವ ಆಸೆ ಕೈಬಿಟ್ಟದ್ದು, ಅಂಚೆ ಶಿಕ್ಷಣದಲ್ಲಿ ಅರ್ಥಶಾಸ್ತ್ರದ ಪದವಿ ಪಡೆದದ್ದು, 1937ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವೈದ್ಯರಿಗೆ ಸಂಖ್ಯಾಶಾಸ್ತ್ರ ಕಲಿಸಿದ್ದು ಎಲ್ಲರಿಗೂ ಗೊತ್ತು. ವಿವಾದವಿರುವುದು ಕ್ಷಯಕ್ಕೆ ಮದ್ದಾಗಿ ಸ್ಟ್ರೆಪ್ಟೊಮೈಸಿನ್ ಪರೀಕ್ಷಿಸಿದ, 1948ರಲ್ಲಿ ಪ್ರಕಟವಾದ ಅವರ ಪ್ರಯೋಗದ ಒಂದು ಅಂಶದಲ್ಲಿ: ರೋಗಿಗಳನ್ನು ಯಾದೃಚ್ಛಿಕವಾಗಿ ಹಂಚಿದ್ದೇಕೆ?

ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹೊಲಗಳಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ರೂಪಿಸಿದ ಯಾದೃಚ್ಛಿಕ ಹಂಚಿಕೆಯ ಸಿದ್ಧಾಂತವೇ ಆಸ್ಪತ್ರೆಗೂ ಬಂತೆಂಬುದು ಹಳೆಯ ಉತ್ತರ. ವೈದ್ಯಕೀಯ ಪ್ರಯೋಗಗಳ ಇತಿಹಾಸ ಬರೆದ ಇಯಾನ್ ಚಾಮರ್ಸ್ ಇದನ್ನು ಒಪ್ಪುವುದಿಲ್ಲ. ಒಬ್ಬರಿಗೆ ಮದ್ದು, ಮುಂದಿನವರಿಗೆ ಇಲ್ಲ ಎಂಬ ಸರದಿ ಪದ್ಧತಿಯಲ್ಲಿ ಮುಂದಿನ ರೋಗಿಯ ಪಾಲು ವೈದ್ಯರಿಗೆ ಮೊದಲೇ ತಿಳಿಯುತ್ತದೆ. ತೀರಾ ಹದಗೆಟ್ಟವರನ್ನು ಸೇರಿಸುವುದೋ ತಡೆಯುವುದೋ ಎಂಬುದು ಅವರ ಕೈಯಲ್ಲಿರುತ್ತದೆ. ಹಂಚಿಕೆಯನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಆ ದಾರಿ ಮುಚ್ಚುವುದಷ್ಟೇ ಹಿಲ್ ಉದ್ದೇಶ ಎನ್ನುತ್ತಾರೆ ಚಾಮರ್ಸ್.

ವಾದ ಬಲವಾದದ್ದು, ಆದರೆ ‘ಅಷ್ಟೇ’ ಎಂಬಲ್ಲಿ ನನಗೆ ಅನುಮಾನ. ಮುಚ್ಚುಮರೆಯೊಂದೇ ಗುರಿಯಾಗಿದ್ದರೆ ಅದಕ್ಕೆ ಯಾದೃಚ್ಛಿಕ ಸಂಖ್ಯೆಗಳೇ ಬೇಕಿರಲಿಲ್ಲ. ನೆಗಡಿಗೆ ಪ್ಯಾಟ್ಯುಲಿನ್ ಎಂಬ ಮದ್ದನ್ನು ಪರೀಕ್ಷಿಸಿದ 1944ರ ಪ್ರಯೋಗದಲ್ಲಿ ಸರದಿಯನ್ನೇ ಇಟ್ಟುಕೊಂಡು, ಗುಂಪುಗಳಿಗೆ ಗುಪ್ತ ಸಂಕೇತ ಕೊಟ್ಟು ಕೆಲಸ ಸಾಧಿಸಲಾಗಿತ್ತು. ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ ಮಾತ್ರ ಯಾದೃಚ್ಛಿಕ ಸಂಖ್ಯಾಪಟ್ಟಿಗಳು ಪ್ರತಿ ಕೇಂದ್ರಕ್ಕೆ, ಗಂಡು ಹೆಣ್ಣುಗಳಿಗೆ ಬೇರೆಬೇರೆಯಾಗಿ ತಯಾರಾದವು. ಹೀಗೆ ವಿಂಗಡಿಸಿ ಹಂಚುವುದು ಗುಟ್ಟು ಕಾಯುವವರ ಚಿಂತೆಯಲ್ಲ. ಎರಡು ಗುಂಪುಗಳು ಹೋಲಿಕೆಗೆ ಒದಗಬೇಕೆನ್ನುವವರ ಚಿಂತೆ. ಇಷ್ಟರಿಂದ ಹಿಲ್ ಫಿಶರ್ ಅನುಯಾಯಿ ಎಂದಾಗದು. ವಿಂಗಡಣೆ ಫಿಶರ್‌ ಒಬ್ಬರ ಸ್ವತ್ತಲ್ಲ, ಗುಂಪುಗಳ ಸಾಮ್ಯದ ಕಾಳಜಿ ಹಿಲ್ ಅವರಲ್ಲಿ ಮೊದಲಿನಿಂದಲೂ ಇತ್ತು. ಸಿದ್ಧಾಂತವೂ ಹಿನ್ನೆಲೆಯಲ್ಲಿದ್ದಿರಬಹುದು ಎಂದಷ್ಟೇ ನನ್ನ ಮಾತು. (ಧೂಮಪಾನದ ವಿಷಯದಲ್ಲಿ ಮುಂದೆ ಅದೇ ಫಿಶರ್ ಹಿಲ್ ಅವರಿಗೆ ಎದುರು ನಿಂತರು; ಆ ಜಗಳವನ್ನು ಇಲ್ಲಿಗೆ ಎಳೆದು ತರುವುದು ಕಾಲವ್ಯತ್ಯಾಸದ ದೋಷ.)

ಸ್ಟ್ರೆಪ್ಟೊಮೈಸಿನ್ ಪ್ರಯೋಗದ ಫಲಿತಾಂಶ ಹೀಗಿತ್ತು: ಆರು ತಿಂಗಳಲ್ಲಿ ಮದ್ದು ಪಡೆದ 55 ಮಂದಿಯಲ್ಲಿ 4, ವಿಶ್ರಾಂತಿಯಷ್ಟೇ ಪಡೆದ 52 ಮಂದಿಯಲ್ಲಿ 14 ಸಾವು. ಆಗಿದ್ದ ಮದ್ದಿನ ಅಭಾವ ಈ ಎರಡನೆಯ, ಅಂದರೆ ನಿಯಂತ್ರಣ ಗುಂಪಿಗೆ ನೈತಿಕ ಸಮರ್ಥನೆ ಒದಗಿಸಿತು. ಹಂಚಿಕೆ ಹೇಗಿರಬೇಕೆಂಬುದನ್ನು ಅದು ನಿರ್ಧರಿಸಲಿಲ್ಲ.

1937ರ ಲೇಖನಗಳಲ್ಲಿ ಯಾದೃಚ್ಛಿಕತೆಯ ಮಾತನ್ನು ಬೇಕೆಂದೇ ಬಿಟ್ಟೆ, ವೈದ್ಯರು ಬೆದರದಿರಲೆಂದು, ಎಂಬರ್ಥದಲ್ಲಿ ಹಿಲ್ ಮುಂದೆ ಬರೆದಿದ್ದಾರೆ. ತೊಂಬತ್ತು ದಾಟಿದವರ ನೆನಪನ್ನು ಎಷ್ಟು ನೆಚ್ಚಬಹುದು? ನೆನಪಿಗಿಂತ ಆ ಕಾಲದ ಪ್ರಯೋಗಗಳನ್ನೇ ನೋಡುವುದು ಮೇಲು. 1946ರಲ್ಲೇ ಆರಂಭವಾದ ನಾಯಿಕೆಮ್ಮು ಲಸಿಕೆಯ ಪ್ರಯೋಗದಲ್ಲಿ ಸೇರಿದ್ದವರು ಆರೋಗ್ಯವಂತ ಮಕ್ಕಳು, ಹದಗೆಟ್ಟ ರೋಗಿಯನ್ನು ಆರಿಸುವ ಪ್ರಶ್ನೆಯೇ ಅಲ್ಲಿಲ್ಲ. ಅದರ ಹಂಚಿಕೆಯನ್ನು ಸ್ಟ್ರೆಪ್ಟೊಮೈಸಿನ್ ಪ್ರಯೋಗದ ಪಕ್ಕದಲ್ಲಿಟ್ಟು ಓದುವ ಕೆಲಸ ಬಾಕಿಯಿದೆ.