ಸಾಲಿಗ್ರಾಮದ ಗದ್ದೆಗಳೂ ಋಣವಿಮೋಚನೆಯೂ

ಶ್ರೀ ರಾಮಾನುಜಾಚಾರ್ಯರ ಪಾದಸ್ಪರ್ಶದಿಂದ ಪುನೀತವಾದುದೆಂದು ಪ್ರಸಿದ್ಧವಾದ ಸಾಲಿಗ್ರಾಮವು, ಕಾವೇರಿಯ ನೀರಿನಿಂದ ಬತ್ತ ಬೆಳೆಯುವ ಹಳೆಯ ಎಡತೊರೆ ಸೀಮೆಗೆ ಸೇರಿದುದರಿಂದ, ಇಲ್ಲಿಯ ಸಾಲದ ಚರಿತ್ರೆಯೆಂದರೆ ಬಹುಮಟ್ಟಿಗೆ ಗದ್ದೆಯ ಚರಿತ್ರೆಯೇ ಸರಿ. ಭೋಗ್ಯದ ಕರಾರಿನಲ್ಲಿ ಬೆಳೆಯೇ ಬಡ್ಡಿ. ಸುಗ್ಗಿಯಲ್ಲಿ ಉಳಿಸಿದ ನಾಲ್ಕು ಕಾಸನ್ನು ರೈತನು ಕೊಡಹೋದರೂ, ಅಸಲೆಲ್ಲವೂ ತೀರುವವರೆಗೆ ಗದ್ದೆ ಕೈಸೇರುತ್ತಿರಲಿಲ್ಲ. ದುಡಿದುಣ್ಣುವವನಿಗೆ ಇದಕ್ಕಿಂತ ಕ್ರೂರವಾದ ನಿಬಂಧನೆ ಮತ್ತೊಂದುಂಟೆ? ಬರಿಯ ಆಧಾರಪತ್ರವಾದರೆ, ಕೊಟ್ಟಷ್ಟನ್ನು ಪತ್ರದ ಬೆನ್ನಮೇಲೆ ತಾರೀಖು ಸಹಿತ ಬರೆಸಿಕೊಳ್ಳಬಹುದಾಗಿತ್ತು. ಆ ಷರಾ ಇಲ್ಲದಿದ್ದರೆ ಕೊಟ್ಟುದನ್ನು ಸಾಧಿಸುವುದು ಕಷ್ಟ.

ಮೈಸೂರು ಸಂಸ್ಥಾನದಲ್ಲಿ 1905ರ ಸಹಕಾರ ಶಾಸನದ ತರುವಾಯ, 1929ರಲ್ಲಿ ಬೆಂಗಳೂರಿನಲ್ಲಿ ಭೂ ಅಡಮಾನ ಬ್ಯಾಂಕು ಸ್ಥಾಪಿತವಾಗಿ, ದೀರ್ಘಾವಧಿಯ ಕಂತಿನ ಪದ್ಧತಿಯು ಬೇರೂರಿತು. ಉದಾಹರಣೆಗೆ, ನೂರಕ್ಕೆ 6ರ ಬಡ್ಡಿಗೆ 20 ವರ್ಷಕ್ಕೆ ತೆಗೆದ 1,000 ರೂಪಾಯಿಗೆ ವಾರ್ಷಿಕ ಕಂತು ಸುಮಾರು 87. ಮೊದಲ ವರ್ಷ ಅದರಲ್ಲಿ 60 ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು 27 ಮಾತ್ರ. ಆ ಸುಗ್ಗಿಯಲ್ಲೇ 100 ರೂಪಾಯಿ ಅಧಿಕವಾಗಿ ಅಸಲಿಗೆ ಕಟ್ಟಿದವನಿಗೆ ಕಡೆಯ ಮೂರು ಕಂತುಗಳು ಇಲ್ಲವಾಗುತ್ತವೆ. ಇಂದಿನ ಗೃಹಸಾಲದ ಗಣಿತವೂ ಇದೇ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಮುಂಚಿತವಾಗಿ ತೀರಿಸುವವರಿಂದ ಬ್ಯಾಂಕುಗಳು ದಂಡ ವಸೂಲು ಮಾಡಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ವಿಧಿಸಿತು.