ತಂದೆಯ ನಾಗಸ್ವರ, ಮಗನ ಸ್ಯಾಕ್ಸೋಫೋನ್

ಮಲ್ಲೇಶ್ವರದ ಮಗ್ಗುಲಲ್ಲೇ ಇರುವ ಚೌಡಯ್ಯ ಸ್ಮಾರಕ ಭವನವನ್ನು ಬೆಂಗಳೂರಿನಲ್ಲಿ ಬೆಳೆದವರಿಗೆ ಪರಿಚಯಿಸಬೇಕಿಲ್ಲ. ಇಡೀ ಕಟ್ಟಡವೇ ಒಂದು ಪಿಟೀಲು. ತಂತಿ, ಕುದುರೆ, ಬಿರಡೆ ಎಲ್ಲವೂ ಗೋಡೆಯ ಮೇಲಿವೆ. ಯುರೋಪಿನಿಂದ ಬಂದ ವಾದ್ಯದ ಆಕಾರದಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರೊಬ್ಬರ ಸ್ಮಾರಕ ಕಟ್ಟಿದ್ದಾರಲ್ಲ ಎಂದು ಯಾರೂ ಹುಬ್ಬೇರಿಸುವುದಿಲ್ಲ. ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಎರಡು ಶತಮಾನ ನಮ್ಮೊಡನೆ ಇದ್ದ ಪಿಟೀಲಿಗೆ ಈಗ ತವರಿನ ನೆನಪೇ ಇದ್ದಂತಿಲ್ಲ.

ಆದರೆ ಇನ್ನೊಂದು ಯುರೋಪಿನ ವಾದ್ಯಕ್ಕೆ ಇದೇ ಊರಿನಲ್ಲಿ ಸಿಕ್ಕ ಸ್ವಾಗತ ಬೇರೆ ರೀತಿಯದು. ನನಗೆ ಒಂಬತ್ತು ವರ್ಷವಿದ್ದಾಗ ಬಸವನಗುಡಿಯ ಕಲ್ಯಾಣಮಂಟಪವೊಂದರಲ್ಲಿ ಚಿಕ್ಕಮ್ಮನ ಮದುವೆ. ಗಟ್ಟಿಮೇಳದ ಹೊತ್ತಿಗೆ ಡೋಲಿನ ಜೊತೆ ಕೇಳಿಬಂದದ್ದು ನಾಗಸ್ವರವಲ್ಲ, ಸ್ಯಾಕ್ಸೋಫೋನ್. ಊಟದ ಪಂಕ್ತಿ ಎದ್ದಮೇಲೆ ವಾದಕರು ಮೆಲ್ಲಗೆ ಒಂದು ಧಾಟಿ ಹಿಡಿದರು. ಮಕ್ಕಳೆಲ್ಲ ಹೋಗಿ ವೇದಿಕೆಯ ಮುಂದೆ ಕೂತೆವು. ತಾತನಿಗೆ ಮಾತ್ರ ಸಿಟ್ಟು. ‘ಮಂಗಳವಾದ್ಯ ಅಂದರೆ ಬ್ಯಾಂಡ್‌ಸೆಟ್ ಕರೆಸಿದ್ದಾರೆ’ ಎಂದರು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಿಗೆ ಪ್ರತಿವರ್ಷ ತಪ್ಪದೆ ಹೋಗುತ್ತಿದ್ದ ಮನುಷ್ಯ ಅವರು. ಅಂದು ಕೇಳಿದ ಧಾಟಿ ‘ಡ್ಯುಯೆಟ್’ ಎಂಬ ತಮಿಳು ಚಿತ್ರದ್ದು, ಅದನ್ನು ಚಿತ್ರಕ್ಕಾಗಿ ನುಡಿಸಿದವರು ಕದ್ರಿ ಗೋಪಾಲನಾಥ್ ಎಂದು ತಿಳಿದದ್ದು ಕಾಲೇಜಿಗೆ ಬಂದಮೇಲೆ. ಸಂಶೋಧನೆಗೆ ತೊಡಗಿದ ಮೇಲೆ ತಾತನ ಆ ಸಿಟ್ಟು ಮತ್ತೆ ಮತ್ತೆ ನೆನಪಾಗಿದೆ. ಅದರೊಳಗೆ ಒಂದು ಚರಿತ್ರೆಯೇ ಇದೆ ಎಂದು ಈಗ ಅನಿಸುತ್ತದೆ.

ಗೋಪಾಲನಾಥ್ ಹುಟ್ಟಿದ್ದು 1949ರ ಡಿಸೆಂಬರ್ 6ರಂದು, ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಾದಕರು. ಮೊದಲ ಪಾಠ ಮನೆಯಲ್ಲೇ, ನಾಗಸ್ವರದಲ್ಲೇ. ಕರಾವಳಿಯ ದೇವಸ್ಥಾನಗಳಲ್ಲಿ ವಾದ್ಯಸೇವೆ ಪರಂಪರೆಯಿಂದ ದೇವಾಡಿಗ ಸಮುದಾಯದ ಪಾಲಿನದು. ಬೆಳಗಿನ ಪೂಜೆಯಿಂದ ರಥೋತ್ಸವದವರೆಗೆ ಅವರ ಉಸಿರಿಲ್ಲದೆ ಯಾವುದೂ ನಡೆಯುವುದಿಲ್ಲ. ಆದರೆ ಆ ಉಸಿರಿಗೆ ನಮ್ಮ ಸಂಗೀತ ಸಭೆಗಳು ಕೊಟ್ಟ ಜಾಗ ಎಷ್ಟು? ನಾಗಸ್ವರ ಮಂಗಳಕರ, ಆದ್ದರಿಂದ ಸಂಗೀತೋತ್ಸವದ ಉದ್ಘಾಟನೆಗೆ ಬಾಗಿಲಲ್ಲಿ ಬೇಕು. ಒಳಗೆ ದೀಪ ಬೆಳಗಿ, ಭಾಷಣ ಮುಗಿದು, ಮುಖ್ಯ ಕಛೇರಿ ಶುರುವಾಗುವಾಗ ವೇದಿಕೆಯಲ್ಲಿ ಇರುವವರು ಗಾಯಕರು, ವೀಣೆ, ಪಿಟೀಲು, ಕೊಳಲಿನವರು. ರಾಜರತ್ನಂ ಪಿಳ್ಳೈಯವರಂಥ ದೊಡ್ಡ ನಾಗಸ್ವರ ವಿದ್ವಾಂಸರು ಈ ಏರ್ಪಾಡಿನೊಂದಿಗೆ ಜೀವನಪೂರ್ತಿ ಸೆಣಸಿದವರು. ಬಾಗಿಲಿನಿಂದ ಒಳಗಿನ ವೇದಿಕೆಗೆ ಹತ್ತು ಹೆಜ್ಜೆ ಇರಬಹುದು. ಅಷ್ಟನ್ನು ದಾಟಲು ತಲೆಮಾರುಗಳೇ ಬೇಕಾದವು.

ಎಳೆಯ ಗೋಪಾಲನಾಥರು ಸ್ಯಾಕ್ಸೋಫೋನನ್ನು ಮೊದಲು ಕೇಳಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಅಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂ ದೇಶದವನು 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಬೇಗನೆ ಸೈನ್ಯದ ಬ್ಯಾಂಡುಗಳನ್ನು ಸೇರಿತು. ಸಾಮ್ರಾಜ್ಯಗಳ ಬ್ಯಾಂಡುಗಳು ಹೋದಲ್ಲೆಲ್ಲ ಅದೂ ಹೋಯಿತು. ನಮ್ಮ ಸಂಸ್ಥಾನಗಳಲ್ಲಿ ಅದು ಅರಮನೆಯ ಶೋಭೆ. ಪೇಟೆಯ ಬೀದಿಗಳಲ್ಲಿ ಟ್ರಂಪೆಟ್, ಕ್ಲಾರಿನೆಟ್ ಜೊತೆ ಮದುವೆಯ ಮೆರವಣಿಗೆಗೆ ಸಿನಿಮಾ ಹಾಡು ನುಡಿಸುವ ಬ್ಯಾಂಡ್‌ಸೆಟ್ಟಿನ ಭಾಗ. ಹಾಗಾಗಿ ನಾಗಸ್ವರದ ಮನೆಯ ಹುಡುಗ ಸ್ಯಾಕ್ಸೋಫೋನ್ ಹಿಡಿದು ಕರ್ನಾಟಕ ಸಂಗೀತ ನುಡಿಸುತ್ತೇನೆ ಎಂದಾಗ ಅವನ ಮುಂದೆ ಮುಚ್ಚಿದ್ದ ಬಾಗಿಲು ಒಂದಲ್ಲ, ಎರಡು. ಹುಟ್ಟಿದ ಪರಂಪರೆ ಸಭೆಯ ಹೊರಗಿನದು. ಆರಿಸಿಕೊಂಡ ವಾದ್ಯ ಬೀದಿಯದು.

ಮೂರನೆಯ ಅಡ್ಡಿ ವಾದ್ಯದ ಒಳಗೇ ಇತ್ತು. ನಾಗಸ್ವರದ ರಂಧ್ರಗಳು ಬೆರಳಿಗೆ ನೇರ ಸಿಗುತ್ತವೆ. ಅರ್ಧ ಮುಚ್ಚಿ, ಕಾಲು ತೆರೆದು, ಉಸಿರನ್ನು ಹಿಗ್ಗಿಸಿ ಕುಗ್ಗಿಸಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಗಮಕವೆಂದರೆ ಈ ಜಾರುವಿಕೆಯೇ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಸನ್ನೆಕೋಲು, ಸ್ಪ್ರಿಂಗು, ಮೆತ್ತೆ ಕೂತಿವೆ. ಕೀಲಿ ಒತ್ತಿದರೆ ರಂಧ್ರ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ನಡುವಿನ ಸ್ಥಿತಿಗೆಂದು ಅದನ್ನು ಮಾಡಿದ್ದಲ್ಲ. ತೋಡಿಯ ಗಾಂಧಾರವನ್ನಾಗಲಿ ಭೈರವಿಯ ನಿಷಾದವನ್ನಾಗಲಿ ಅದರಲ್ಲಿ ತರಬೇಕಾದರೆ ತುಟಿ, ದವಡೆ, ಗಂಟಲು ಸೇರಿ ಬೆರಳಿನ ಕೆಲಸ ಮಾಡಬೇಕು. ಕೀಲಿಯನ್ನು ಎಷ್ಟು ಮೆಲ್ಲಗೆ ಬಿಡಬೇಕೆಂಬ ಲೆಕ್ಕ ಬೆರಳಿಗೆ ಅಭ್ಯಾಸವಾಗಬೇಕು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದರಾಸಿನಲ್ಲಿ ಗಾಯಕ ಹಾಗೂ ಮೃದಂಗ ವಿದ್ವಾಂಸ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಗೋಪಾಲನಾಥರ ಕಲಿಕೆ ನಡೆಯಿತು. ಈ ವಾದ್ಯವನ್ನು ಒಲಿಸಿಕೊಳ್ಳಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು ಎನ್ನುತ್ತಾರೆ. ಕಲಿಸಿದ ಗುರುಗಳು ಸ್ಯಾಕ್ಸೋಫೋನ್ ವಾದಕರಲ್ಲ ಎಂಬುದನ್ನು ಗಮನಿಸಬೇಕು. ಅವರಿಂದ ಬಂದದ್ದು ಹಾಡುಗಾರಿಕೆ. ಅದನ್ನು ಲೋಹದ ಕೊಳವೆಗೆ ದಾಟಿಸುವ ದಾರಿಯನ್ನು ಶಿಷ್ಯನೇ ಕಂಡುಕೊಳ್ಳಬೇಕಿತ್ತು.

ಮದರಾಸಿನ ಚೆಂಬೈ ಸ್ಮಾರಕ ಟ್ರಸ್ಟಿನ ಕಛೇರಿ ಅವರಿಗೆ ಮೊದಲ ದೊಡ್ಡ ಮನ್ನಣೆ ತಂದಿತು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಕ್ಯಾಲಿಫೋರ್ನಿಯಾದ ಜಾಝ್ ವಾದಕ ಜಾನ್ ಹ್ಯಾಂಡಿ ಇವರ ವಾದನ ಕೇಳಿ, ನಾನೂ ಜೊತೆಗೆ ನುಡಿಸಲೇ ಎಂದು ಕೇಳಿಕೊಂಡು ವೇದಿಕೆ ಹತ್ತಿದರು. ಹೊರಗಿನ ಲೋಕ ತೆರೆದುಕೊಂಡದ್ದು ಅಲ್ಲಿಂದ. ಸಿನಿಮಾ ಬಂದದ್ದು ಇದೆಲ್ಲದರ ನಂತರ, ನಲವತ್ತು ದಾಟಿದ ಮೇಲೆ.

ಶಾಸ್ತ್ರೀಯ ವಾದಕರು ಸಿನಿಮಾಕ್ಕೆ ನುಡಿಸಿದ ಕಥೆಯನ್ನು ನಾವು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಹೇಳುತ್ತೇವೆ. ಒಂದು, ಕಲಾವಿದ ಇಳಿದ ಕಥೆ. ಇನ್ನೊಂದು, ಸಿನಿಮಾ ಏರಿದ ಕಥೆ. ಆದರೆ ನಮ್ಮದೇ ಚರಿತ್ರೆ ಇಷ್ಟು ಸರಳವಾಗಿಲ್ಲ. ಪಿಟೀಲಿನ ಭವನಕ್ಕೆ ಹೆಸರು ಕೊಟ್ಟ ಚೌಡಯ್ಯನವರೇ 1943ರ ಕನ್ನಡ ಚಿತ್ರ ‘ವಾಣಿ’ಯಲ್ಲಿದ್ದಾರೆ. ಹಿರಣ್ಣಯ್ಯನವರು ನಿರ್ದೇಶಿಸಿದ ಆ ಚಿತ್ರದಲ್ಲಿ ಚೆಂಬೈ ವೈದ್ಯನಾಥ ಭಾಗವತರು ಹಾಡಿದರು, ಚೌಡಯ್ಯ ಪಿಟೀಲು ನುಡಿಸಿದರು, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗಕ್ಕೆ ಕೂತರು. ಇವರಲ್ಲಿ ಯಾರ ವಿದ್ವತ್ತಿಗೂ ಅದರಿಂದ ಕುಂದು ಬರಲಿಲ್ಲ. ಟಿ.ವಿ. ಗೋಪಾಲಕೃಷ್ಣನ್ ಅದೇ ಚೆಂಬೈಯವರ ಶಿಷ್ಯರು. ಎಂದರೆ ಗೋಪಾಲನಾಥರ ಗುರುಪರಂಪರೆ ಅವರು ಹುಟ್ಟುವ ಮೊದಲೇ ಕ್ಯಾಮೆರಾದ ಎದುರು ಕೂತು ಎದ್ದಿತ್ತು.

1977ರಲ್ಲಿ ‘ಸನಾದಿ ಅಪ್ಪಣ್ಣ’ ಬಂತು. ರಾಜಕುಮಾರ್ ಅವರ ಪಾತ್ರ ಹಳ್ಳಿಯ ಸನಾದಿ ವಾದಕ, ಆ ಸನಾದಿಯ ಉಸಿರು ಉಸ್ತಾದ್ ಬಿಸ್ಮಿಲ್ಲಾ ಖಾನರದು, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಎಸ್. ಜಾನಕಿಯವರ ದನಿಯೂ ಶಹನಾಯಿಯೂ ಒಂದನ್ನೊಂದು ಹಿಂಬಾಲಿಸುವ ಆ ಹಾಡನ್ನು ಕೇಳದ ಕನ್ನಡಿಗರು ಕಡಿಮೆ. ಅದೇ ವರ್ಷ ದೂರದ ಲಂಡನ್ನಿನಲ್ಲಿ ಮಾರಿಸ್ ಮರ್ಫಿ ಎಂಬವರು ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಪ್ರಧಾನ ಟ್ರಂಪೆಟ್ ವಾದಕರಾಗಿ ಸೇರಿದರು. ಅಲ್ಲಿ ಅವರ ಮೊದಲ ದಿನದ ಕೆಲಸ ‘ಸ್ಟಾರ್ ವಾರ್ಸ್’ ಚಿತ್ರದ ಧ್ವನಿಮುದ್ರಣ. ಸಿಂಫನಿ ವಾದಕ ಸಿನಿಮಾಕ್ಕೆ ಊದುವುದು ಅಲ್ಲಿ ದಿನದ ಕಸುಬಿನ ಒಂದು ಭಾಗ. ನಮ್ಮಲ್ಲಿ ಅದೇ ಕೆಲಸಕ್ಕೆ ಶುದ್ಧಿ, ಅಶುದ್ಧಿಯ ಪ್ರಶ್ನೆ ಅಂಟಿಕೊಳ್ಳುತ್ತದೆ.

‘ಡ್ಯುಯೆಟ್’ 1994ರ ಚಿತ್ರ. ನಿರ್ದೇಶನ ಕೆ. ಬಾಲಚಂದರ್, ಸಂಗೀತ ಎ.ಆರ್. ರಹಮಾನ್. ನಾಯಕ ಪ್ರಭು ಸ್ಯಾಕ್ಸೋಫೋನ್ ವಾದಕನ ಪಾತ್ರದಲ್ಲಿ, ತಮ್ಮನಾಗಿ ನಮ್ಮ ರಮೇಶ್ ಅರವಿಂದ್. ಗೋಪಾಲನಾಥರು ಆಮೇಲೆ ಸಂದರ್ಶನದಲ್ಲಿ ಹೇಳಿದಂತೆ, ಅವರು ಸುಮಾರು ಮೂವತ್ತು ರಾಗಗಳನ್ನು ನುಡಿಸಿ ತೋರಿಸಿದರೂ ರಹಮಾನರಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಕಲ್ಯಾಣವಸಂತ ನುಡಿಸಿದಾಗ, ನನಗೆ ಬೇಕಾದದ್ದು ಇದೇ ಎಂದರಂತೆ.

ಈ ಪ್ರಸಂಗವನ್ನು ಬರೀ ಸ್ವಾರಸ್ಯದ ಕಥೆಯಾಗಿ ಬಿಡಲು ನನಗೆ ಮನಸ್ಸಿಲ್ಲ. ಕಲ್ಯಾಣವಸಂತ ಇಪ್ಪತ್ತೊಂದನೆಯ ಮೇಳ ಕೀರವಾಣಿಯ ಜನ್ಯ. ಆರೋಹಣ ಸ ಗ ಮ ದ ನಿ ಸ, ಅವರೋಹಣ ಸ ನಿ ದ ಪ ಮ ಗ ರಿ ಸ. ಏರುವಾಗ ಐದೇ ಸ್ವರ, ಇಳಿಯುವಾಗ ಏಳೂ. ಕೀರವಾಣಿಯ ಸ್ವರಗಳು ಪಾಶ್ಚಾತ್ಯರ ಹಾರ್ಮೋನಿಕ್ ಮೈನರ್‌ನವೇ. ಏರಿಕೆಯನ್ನಷ್ಟೇ ಕೇಳಿದರೆ ಹಿಂದೂಸ್ತಾನಿಯ ಚಂದ್ರಕೌಂಸ್ ನೆನಪಾಗುತ್ತದೆ. ದೈವತದಿಂದ ನಿಷಾದಕ್ಕೆ ಇರುವ ದೊಡ್ಡ ನೆಗೆತದಲ್ಲಿ ಒಂದು ಹಂಬಲವಿದೆ. ಸ್ವರದ ಮೇಲೆ ನೇರ ನಿಂತರೂ ಈ ರಾಗದ ಮುಖ ಕೆಡುವುದಿಲ್ಲ. ತೋಡಿಯನ್ನು ಹಾಗೆ ನಿಲ್ಲಿಸಲಾಗದು. ಅಂದರೆ ಕೀಲಿಗಳ ವಾದ್ಯಕ್ಕೆ ಒಗ್ಗುವ, ಕೀಬೋರ್ಡಿನ ಸ್ವರಮೇಳಕ್ಕೆ ಹೊಂದುವ, ತ್ಯಾಗರಾಜರ ಕೀರ್ತನೆಯಿಂದ ಕಛೇರಿಯ ಕೇಳುಗರಿಗೂ ಪರಿಚಿತವಾದ ರಾಗ ಅದು. ರಹಮಾನ್ ಹುಡುಕುತ್ತಿದ್ದದ್ದು ಬಹುಶಃ ಇಂಥ ಮೂರು ದಾರಿ ಕೂಡುವ ಜಾಗವನ್ನು. ಅದನ್ನು ತೋರಿಸಬಲ್ಲವರು ಉಳಿದ ಇಪ್ಪತ್ತೊಂಬತ್ತನ್ನೂ ಕೈಯಲ್ಲಿಟ್ಟುಕೊಂಡಿದ್ದ ವಿದ್ವಾಂಸರೇ ಆಗಿರಬೇಕಿತ್ತು. ಸಿನಿಮಾದ ಒಂದು ಧಾಟಿಯ ಹಿಂದೆ ಆ ಎರಡು ದಶಕಗಳ ಸಾಧನೆ ನಿಂತದ್ದು ಹೀಗೆ.

ಅದೇ 1994ರಲ್ಲಿ ಗೋಪಾಲನಾಥರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರೊಮೆನಾಡ್ ಕಛೇರಿ ಕೊಟ್ಟರು. ಅದಕ್ಕೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರು. ಒಂದೇ ವರ್ಷದಲ್ಲಿ ತಮಿಳು ಚಿತ್ರಮಂದಿರವೂ ಆಲ್ಬರ್ಟ್ ಹಾಲೂ! ಪ್ರಶಸ್ತಿ ಪತ್ರಗಳಲ್ಲಿ ಎರಡನೆಯದು ಮೊದಲು ಬರುತ್ತದೆ. ಬಸವನಗುಡಿಯ ಕಲ್ಯಾಣಮಂಟಪದವರೆಗೆ ಬಂದದ್ದು ಮೊದಲನೆಯದು.

ಸಿನಿಮಾ ಅವರ ವೃತ್ತಿಯಾಗಲಿಲ್ಲ. ಕೊನೆಯವರೆಗೂ ಅವರು ಕಛೇರಿಯ ಕಲಾವಿದರೇ. ಹೊಳೆಯುವ ಅಂಗಿ ತೊಟ್ಟು, ಚಕ್ಕಳಮಕ್ಕಳ ಹಾಕಿ ಕೂತು, ಪಕ್ಕದಲ್ಲಿ ಪಿಟೀಲಿಗೆ ಎ. ಕನ್ಯಾಕುಮಾರಿಯವರಂಥ ವಿದುಷಿಯನ್ನು ಇಟ್ಟುಕೊಂಡು ನುಡಿಸುತ್ತಿದ್ದ ಅವರ ಚಿತ್ರ ಚಾಮರಾಜಪೇಟೆಯ ಚಪ್ಪರದ ಕೇಳುಗರಿಗೆ ಚೆನ್ನಾಗಿ ನೆನಪಿದೆ. 2004ರಲ್ಲಿ ಪದ್ಮಶ್ರೀ ಬಂತು, ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಮಗ ಮಣಿಕಾಂತ್ ಕದ್ರಿ ಚಿತ್ರಸಂಗೀತವನ್ನೇ ಆರಿಸಿಕೊಂಡು 2009ರ ‘ಸವಾರಿ’ಯಿಂದ ಕನ್ನಡಿಗರ ಮನೆಮಾತಾದರು. ಅಮೆರಿಕದ ಕೊಲರಾಡೋದಲ್ಲಿ ಬೆಳೆದ, ಕರ್ನಾಟಕ ಮೂಲದ ಕುಟುಂಬದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನಿಗೆ ಅಣ್ಣ ಒಮ್ಮೆ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆ ಕೊಟ್ಟನಂತೆ. ಭಾರತೀಯ ಸ್ಯಾಕ್ಸೋಫೋನ್ ಎಂಬ ಮಾತೇ ಆಗ ನಗೆಯ ವಸ್ತು. ಆ ತಮಾಷೆ 2008ರಲ್ಲಿ ಇಬ್ಬರೂ ಸೇರಿ ನುಡಿಸಿದ ‘ಕಿನ್ಸ್‌ಮೆನ್’ ಆಲ್ಬಮ್ಮಿನವರೆಗೆ ಹೋಯಿತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಗೋಪಾಲನಾಥರು ತೀರಿಕೊಂಡರು.

ಇಲ್ಲಿಗೆ ಮುಗಿಸಿದರೆ ಇದು ಗೆಲುವಿನ ಕಥೆ. ಆದರೆ ಒಂದು ಮಾತು ಉಳಿದಿದೆ. ಇಂದು ಕರಾವಳಿಯ ದೇವಸ್ಥಾನದ ಉತ್ಸವಗಳಲ್ಲಿ, ಬೆಂಗಳೂರಿನ ಮದುವೆಗಳಲ್ಲಿ ಸ್ಯಾಕ್ಸೋಫೋನ್ ತೀರಾ ಸಾಮಾನ್ಯ. ಅದನ್ನು ನುಡಿಸುವ ಹೆಣ್ಣುಮಕ್ಕಳೂ ಇದ್ದಾರೆ, ಬೆಂಗಳೂರಿನ ಲಾವಣ್ಯ, ಸುಬ್ಬಲಕ್ಷ್ಮಿ ಸೋದರಿಯರು ಇದರಲ್ಲೇ ಹೆಸರಾದವರು. ಆದರೆ ಸ್ಯಾಕ್ಸೋಫೋನ್ ಬಂದು ಕೂತ ಮಂಟಪದ ಮೂಲೆ ಖಾಲಿ ಇದ್ದದ್ದಲ್ಲ, ಅದು ನಾಗಸ್ವರದ್ದು. ಸಭೆಯ ಒಳಗೆ ವಿದ್ವಾಂಸರಾಗಿ ಮಗ ಕೂತರು, ಅವರ ಕೈಯಲ್ಲಿದ್ದದ್ದು ತಂದೆಯ ವಾದ್ಯವಲ್ಲ. ಬೆಲ್ಜಿಯಂನವನ ಕೊಳವೆಗೆ ಒಳಗೆ ಬರಲು ನಾವು ಅನುಮತಿ ಕೊಟ್ಟೆವು. ನಮ್ಮದೇ ಬಾಗಿಲಲ್ಲಿ ಶತಮಾನಗಳಿಂದ ಊದುತ್ತಿದ್ದವರಿಗೆ ಅದೇ ಜಾಗ ಕೊಡಲು ಇಷ್ಟು ಹಿಂಜರಿದದ್ದೇಕೆ? ವಾದ್ಯದ ಜಾತಿಗಿಂತ ವಾದಕರ ಜಾತಿಯೇ ನಮ್ಮ ಕಿವಿಗಳನ್ನು ಹೆಚ್ಚು ಕಾಡಿತೇ? ಈ ಪ್ರಶ್ನೆಯನ್ನು ಸಿನಿಮಾದ ಮೇಲೆ ಹಾಕಿ ಜಾರಿಕೊಳ್ಳುವಂತಿಲ್ಲ. ಸಿನಿಮಾ ಕೇಳಿದ್ದು ರಾಗವನ್ನಷ್ಟೇ.

ತಾತ ಕೊನೆಯ ದಿನಗಳಲ್ಲಿ ಮನೆಯಲ್ಲೇ ಇರುತ್ತಿದ್ದರು. ಒಂದು ಸಂಜೆ ನಾನು ಗೋಪಾಲನಾಥರ ಕಲ್ಯಾಣವಸಂತ ಹಾಕಿ, ಯಾರೆಂದು ಹೇಳದೆ ಸುಮ್ಮನಿದ್ದೆ. ಕಣ್ಣು ಮುಚ್ಚಿ ಕೇಳಿದರು. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮುಗಿದಮೇಲೆ, ‘ನಾಗಸ್ವರ ಕಲಿತ ಕೈ ಇದು’ ಎಂದರು. ಸ್ಯಾಕ್ಸೋಫೋನ್ ಎಂದು ಅವರಿಗೆ ಗೊತ್ತಾಗಿತ್ತೋ ಇಲ್ಲವೋ ನಾನು ಕೇಳಲಿಲ್ಲ.