ಶಾಸ್ತ್ರದಾನವೂ ಸಂಶೋಧನಾ ಲೇಖನಗಳ ಬೀಗವೂ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವೆಂದರೆ ಗ್ರಂಥವನ್ನು ಪ್ರತಿ ಮಾಡಿಸಿ ಓದುವವರ ಕೈಗೆ ಮುಟ್ಟಿಸುವುದು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ ಸಂಗತಿ. ಪ್ರತಿಗಳು ಹೆಚ್ಚಿದಷ್ಟೂ ಕೃತಿ ಉಳಿಯುತ್ತದೆ ಎಂಬ ತಿಳಿವು ಆ ದಾನದ ಹಿಂದಿತ್ತು.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ಪರಂಪರೆಯಲ್ಲಿಯೇ ಉಂಟು. ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಆದರೆ ಅವು ದರ್ಶನಕ್ಕೆ ದೊರೆಯುತ್ತಿದ್ದವೇ ಹೊರತು ಅಧ್ಯಯನಕ್ಕಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಕಲು ಕಾರ್ಯ ಆರಂಭವಾದಾಗಲೂ ಪ್ರತಿ ಊರಿನಿಂದ ಹೊರಹೋಗಬಾರದೆಂಬ ಕಟ್ಟಳೆಯಿತ್ತು. ನಕಲಿಗೆ ನಿಯುಕ್ತರಾಗಿದ್ದ ಗಜಪತಿ ಶಾಸ್ತ್ರಿಗಳು ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿ ಸಿದ್ಧಪಡಿಸಿದರು. ಅದು ಸಹಾರನಪುರ ಸೇರಿತು. ಆ ಮೂಲದಿಂದ ಹಬ್ಬಿದ ಪ್ರತಿಗಳ ಆಧಾರದಲ್ಲಿ ಹೀರಾಲಾಲ ಜೈನರ ಸಂಪಾದಕತ್ವದ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಪ್ರಕಟವಾಯಿತು. ಮುಂದೆ ಮೂಲದೊಡನೆ ಪಾಠ ಹೋಲಿಸಲು ಮೂಡಬಿದಿರೆಯವರೇ ನೆರವಾದರು. ಗರಿಗಳನ್ನು ಉಳಿಸಿಕೊಟ್ಟವರನ್ನು ಹಳಿಯುವಂತಿಲ್ಲ. ಆದರೆ ಕಾಪಾಡುವುದು ಬೇರೆ, ಮುಚ್ಚಿಡುವುದು ಬೇರೆ.

ನಮ್ಮ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ಈ ವ್ಯತ್ಯಾಸವನ್ನು ಬಾಳಿ ತೋರಿಸಿದರು. ಮನೆಮನೆಯಲ್ಲಿ ಪೂಜೆಗೊಳ್ಳುತ್ತಿದ್ದ ವಚನದ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದರು.

ಇಂದಿನ ಬೀಗ ಪ್ರಕಾಶಕರ ಪರವಾನಗಿಯಲ್ಲಿದೆ. ಚಂದಾ ಕಟ್ಟಿದ ಸಂಸ್ಥೆಯ ಓದುಗನೂ ಲೇಖನಗಳನ್ನು ಸಾಲಾಗಿ ಇಳಿಸಿಕೊಳ್ಳುವಂತಿಲ್ಲ. ಮಿತಿ ಮೀರಿದನೆಂದು ಕಂಡರೆ ಇಡೀ ಸಂಸ್ಥೆಯ ಪ್ರವೇಶವನ್ನೇ ತಡೆಯುವುದುಂಟು. ನಿಸಿದಿಗಲ್ಲುಗಳ ಒಂದು ಪಾರಿಭಾಷಿಕ ಪದದ ಚರಿತ್ರೆ ಅರಸುವವನಿಗೆ ಒಂದೆರಡು ಲೇಖನ ಸಾಲದು, ನೂರಾರನ್ನು ಜಾಲಾಡಬೇಕು. ಪ್ರಕಾಶಕರು ಸಗಟು ಕಳ್ಳತನವೆಂದು ಅನುಮಾನಿಸುವುದು ಹಲವು ಬಾರಿ ಸಂಶೋಧಕನ ಸಹಜ ವಿಧಾನವೇ ಆಗಿರುತ್ತದೆ. ಫಲವಾಗಿ, 1872ರಲ್ಲಿ ಆರಂಭವಾದ ಇಂಡಿಯನ್ ಆಂಟಿಕ್ವರಿಯಲ್ಲಿ ಫ್ಲೀಟ್ ಬರೆದದ್ದು ಇಂದು ಯಾರಿಗೂ ಉಚಿತವಾಗಿ ಸಿಗುತ್ತದೆ. ಅದನ್ನು ತಿದ್ದಿದ ಇತ್ತೀಚಿನ ಲೇಖನ ಹಲವೊಮ್ಮೆ ಸಿಗುವುದಿಲ್ಲ. ಹಳೆಯ ತಪ್ಪು ಸುಲಭವಾಗಿಯೂ ಹೊಸ ತಿದ್ದುಪಡಿ ದುರ್ಲಭವಾಗಿಯೂ ಇರುವ ಕಡೆ ಚರಿತ್ರೆ ಮುಂದೆ ಸಾಗುವುದು ಹೇಗೆ?

ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ದೊಡ್ಡ ಹೆಜ್ಜೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಆದರೆ ಅದು ಮೊದಲಿಗೆ ತಲುಪಿದ್ದು ಸರ್ಕಾರಿ ಸಂಸ್ಥೆಗಳನ್ನು. ಇಟ್ಟಂಗಿಹಾಳದಂಥ ಊರಿನಿಂದ ನಗರದ ಖಾಸಗಿ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಬಾಗಿಲು ತೆರೆಯಬೇಕಾದರೆ ಯೋಜನೆ ಅಲ್ಲಿಗೂ ವಿಸ್ತರಿಸಬೇಕು. ಒಬ್ಬನ ಮಿತಿಗಾಗಿ ಎಲ್ಲರನ್ನೂ ತಡೆಯದಂತೆ ಪರವಾನಗಿ ತಿದ್ದಬೇಕು.

ಬರೆಯುವ ನಮ್ಮ ಪಾಲೂ ಇದೆ. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾದಲ್ಲಿ ಎಲ್ಲರಿಗೂ ದೊರೆಯುವಂತೆ, ನಿಯಮ ಒಪ್ಪುವೆಡೆ ನಮ್ಮ ಲೇಖನಗಳ ಪ್ರತಿಯನ್ನೂ ಮುಕ್ತ ಭಂಡಾರದಲ್ಲಿ ಇರಿಸಬಹುದು. ಸಾವಿರ ಪ್ರತಿ ಬರೆಯಿಸುವಷ್ಟು ಹೊನ್ನು ಇದಕ್ಕೆ ಬೇಕಿಲ್ಲ.